ಎಡಗಡೇದು ಸ್ವಲ್ಪ ಹಳದಿ

ಗಾಜಿನ ಬಾಗಿಲು ತಾನಾಗೇ ಸರಿದು ಒಳಗಿನ ತಣ್ಣನೆ ಗಾಳಿ ಮುಖಕ್ಕೆ ಬಡಿದಾಗ ಅವನಿಗೆ ಮೊದಲು ಅನ್ನಿಸಿದ್ದು, ಇಲ್ಲಿಂದಾನೇ ವಾಪಸ್ ಹೋಗೋಕೆ ಏನಾದ್ರೂ ನೆಪ ಸಿಗತ್ತಾ ಅಂತ. ಸಿಗಲಿಲ್ಲ. ಮುಂದೆ ಭಾಮೈದ, ಹಿಂದೆ ಹೆಂಡತಿ, ಪಕ್ಕದಲ್ಲಿ ತೋಳು ಹಿಡ್ಕೊಂಡು ಮಗಳು, ಕಳ್ಳನ್ನ ಠಾಣೆಗೆ ಕರ್ಕೊಂಡು ಬಂದ ಹಾಗೆ ಮೂರು ಕಡೆಯಿಂದ ಸುತ್ತುವರಿದು ಕರ್ಕೊಂಡು ಬಂದಿದ್ರು. ಹಳೇ ಟಿ.ವಿ. ಕೆಟ್ಟು ಮೂರು ವಾರ ಆಗಿತ್ತು. ಮೊದಲು ನಡುವೆ ಒಂದು ಗೆರೆ ಬಂತು, ಆಮೇಲೆ ಎಲ್ಲರ ಅರ್ಧರ್ಧ ಮುಖ ಹೋಯ್ತು, ಆಮೇಲೆ ಬರೀ ಮಾತು ಉಳೀತು, ಕೊನೆಗೆ ಅದೂ ಇಲ್ಲ. ಆ ಮೂರು ವಾರ ಅವನು ಎಷ್ಟು ಹಾಯಾಗಿದ್ದ ಅಂದ್ರೆ ತನಗೇ ನಾಚಿಕೆ ಆಗೋ ಅಷ್ಟು. ಸಂಜೆ ಮನೆಗೆ ಬಂದು ಗೋಡೆ ಮೇಲಿನ ಕಪ್ಪು ಚೌಕ ನೋಡ್ತಾ ಕೂತ್ಕೊಳ್ಳೋದು, ಅದು ಕಪ್ಪು ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಹೆಂಡತಿ ತಾನೇ ಹೋಗಿ ಒಂದು ಹೊಸದು ತಂದುಬಿಡಬಹುದಿತ್ತು. ತರಲ್ಲ. ಮದುವೆ ಆದಾಗಿನಿಂದ ಅವಳು ಒಂದು ಕಾಲೊರೆಸೋ ಚಾಪೆ ತಗೊಂಡ್ರೂ ಬಣ್ಣ ಅವನೇ ಹೇಳ್ಬೇಕು. ನೀವು ನೋಡಿದ್ರೆ ಮುಗೀತು ಅಂತಿದ್ಳು. ಒಂದು ಕಾಲದಲ್ಲಿ ಅದನ್ನ ಕೇಳಿ ಎದೆ ಉಬ್ಬಿಸ್ಕೊಂಡು ತಿರುಗಿದೋನು ಈಗ ಆ ಮಾತು ಕೇಳಿದ್ರೆ ಬಚ್ಚಲಿಗೆ ಹೋಗಿ ಸುಮ್ನೆ ನಲ್ಲಿ ಬಿಟ್ಕೊಂಡು ನಿಂತಿರ್ತಾನೆ.

ಅವನು ಬಟ್ಟೆಗೆ ಬಣ್ಣ ಹಾಕೋ ಮಿಲ್ಲಲ್ಲಿ ಬಣ್ಣ ನೋಡೋನು. ಹಾಕೋನಲ್ಲ, ನೋಡೋನು. ಗಿರಾಕಿ ಕಳಿಸಿದ ಮಾದರಿ ತುಂಡು ಒಂದು ಕಡೆ, ಮಿಲ್ಲಲ್ಲಿ ಅದ್ದಿ ತೆಗೆದ ತುಂಡು ಒಂದು ಕಡೆ, ಎರಡೂ ಒಂದೇನಾ ಅಲ್ವಾ ಹೇಳೋದು. ಇಪ್ಪತ್ತಾರು ವರ್ಷದಿಂದ ಅಷ್ಟೇ ಕೆಲಸ. ಅಲ್ಲಿ ಅವನಿಗೆ ಹೆಸರೇ ಇಲ್ಲ, ಕಣ್ಣು ಅಂತಾರೆ. ಕಣ್ಣು ಬಂತಾ, ಕಣ್ಣು ಊಟಕ್ಕೆ ಹೋಯ್ತಾ, ಕಣ್ಣಿಗೆ ಇವತ್ತು ಮೂಡ್ ಸರಿ ಇಲ್ವಂತೆ. ಭಾಮೈದ ಆ ಹೆಸರನ್ನ ನೆಂಟರ ಮಧ್ಯೆಲ್ಲ ಹಂಚಿಬಿಟ್ಟಿದ್ದ. ಭಾಮೈದನ ಮನೇಲಿ ಆಗ್ಲೇ ಗೋಡೆಯಷ್ಟು ದೊಡ್ಡ ಟಿ.ವಿ. ಇತ್ತು, ಭಾವನ್ನ ಕೇಳದೆ ತಗೊಂಡು ಕೆಟ್ಟೆ ಅಂತ ದಾರಿಯುದ್ದಕ್ಕೂ ಹೇಳ್ತಾ ಬಂದಿದ್ದ, ವಾರ್ತೆ ಓದೋಳಿಗೆ ಕಾಮಾಲೆ ಬಂದ ಹಾಗೆ ಕಾಣತ್ತೆ ಭಾವ, ಅವಳು ಕೆಮ್ಮಿದ್ರೆ ನನ್ನ ಹೆಂಡ್ತಿ ಅಯ್ಯೋ ಪಾಪ ಅಂತಾಳೆ. ಎಲ್ಲರೂ ನಕ್ಕಿದ್ರು. ಅವನೂ ನಕ್ಕಿದ್ದ, ನಕ್ಕು ಕಿಟಕಿ ಆಚೆ ನೋಡಿದ್ದ. ಹೊರಗೆ ಮೋಡ ಇತ್ತೋ ಬಿಸಿಲಿತ್ತೋ, ಎಲ್ಲ ಹಳೇ ಔಷಧಿ ಬಾಟಲಿ ಒಳಗಿಂದ ನೋಡಿದ ಹಾಗೆ ಕಂದು ಕಂದಾಗಿತ್ತು. ಎರಡು ವರ್ಷದಿಂದ ಹಾಗೇ ಇದೆ. ಮೊದಲು ಕಡುನೀಲಿ ಕಪ್ಪಿಗೆ ಸೇರ್ಕೊಂಡಿತು, ಆಮೇಲೆ ಬಿಳಿ ಕೆನೆಗೆ, ಆಮೇಲೆ ಹಸಿರೂ ನೀಲೀನೂ ಅಣ್ಣತಮ್ಮಂದಿರ ಹಾಗೆ ಒಬ್ಬರ ಅಂಗಿ ಒಬ್ಬರು ಹಾಕ್ಕೊಂಡು ಓಡಾಡಕ್ಕೆ ಶುರು ಮಾಡಿದ್ವು.

ಮೊದಲನೇ ಮಹಡಿ ಪೂರ್ತಿ ಟಿ.ವಿ. ಒಂದು ಗೋಡೆ ತುಂಬ ನಲವತ್ತು ಇರಬಹುದು, ನಲವತ್ತರಲ್ಲೂ ಒಂದೇ ಕಪ್ಪೆ ಒಂದೇ ಎಲೆ ಮೇಲೆ ಕೂತಿತ್ತು, ನಲವತ್ತೂ ಕಪ್ಪೆ ಒಟ್ಟಿಗೆ ಗಂಟಲು ಉಬ್ಬಿಸಿದ್ವು, ಆಮೇಲೆ ಒಟ್ಟಿಗೆ ನೀರಿಗೆ ಹಾರಿದ್ವು. ಅಲ್ಲಿ ನಿಂತಾಗ ಅವನ ಕೈ ತಾನಾಗೇ ಕೋಟಿನ ಗುಂಡಿ ಹುಡುಕ್ತು. ಕೋಟಿರಲಿಲ್ಲ, ರಜಾ ದಿನದ ಅಂಗಿ ಅಷ್ಟೇ. ಮಿಲ್ಲಲ್ಲಿ ಬಣ್ಣ ನೋಡೋ ಕೋಣೆಗೆ ಬೂದು ಬಣ್ಣದ ಕೋಟು ಹಾಕದೆ ಯಾರೂ ಹೋಗೋ ಹಾಗಿಲ್ಲ, ಗೋಡೆ ಬೂದು, ಮೇಜು ಬೂದು, ಯಾಕಂದ್ರೆ ಹತ್ತಿರ ಬೇರೆ ಬಣ್ಣ ಇದ್ರೆ ಅದು ತುಂಡಿನ ಮೇಲೆ ಬೀಳತ್ತೆ. ಮೊದಲು ಬೂದಿನ ಮೇಲೆ ಕಣ್ಣಿಟ್ಟು ಸುಮ್ನಿರ್ಬೇಕು. ಆಮೇಲೆ ತುಂಡು ನೋಡ್ಬೇಕು, ಐದು ಸೆಕೆಂಡು, ಅದಕ್ಕಿಂತ ಜಾಸ್ತಿ ಇಲ್ಲ. ಆರನೇ ಸೆಕೆಂಡಿಗೆ ಕಣ್ಣು ಸುಳ್ಳು ಹೇಳಕ್ಕೆ ಶುರು ಮಾಡತ್ತೆ ಅಂತ ಹೊಸಬರಿಗೆಲ್ಲ ಅವನೇ ಹೇಳ್ಕೊಡ್ತಿದ್ದ. ಮತ್ತೆ ಒಬ್ಬನೇ ನೋಡೋ ಹಾಗಿಲ್ಲ. ಎರಡನೇ ಕಣ್ಣು ಅಂತ ಒಬ್ಬರು ಇರ್ಬೇಕು. ಎರಡನೇ ಕಣ್ಣು ಮೊದಲು ನೋಡಿ ಚೀಟಿ ಮೇಲೆ ಪೆನ್ಸಿಲಲ್ಲಿ ಬರೀಬೇಕು, ಆಮೇಲೆ ದೊಡ್ಡ ಕಣ್ಣು ಶಾಯೀಲಿ. ಪೆನ್ಸಿಲ್ ಯಾಕೆ ಅಂದ್ರೆ ದೊಡ್ಡೋರು ಒಪ್ಪದೇ ಇದ್ರೆ ಅಳಿಸ್ಬಹುದು, ಜಗಳ ಕಾಗದದ ಮೇಲೆ ಉಳಿಯಲ್ಲ. ಈ ಪದ್ಧತಿ ಯಾರು ಮಾಡಿದ್ರೋ ಗೊತ್ತಿಲ್ಲ, ಅವನು ಸೇರೋಕೆ ಮುಂಚಿಂದಾನೂ ಇತ್ತು.

ಎರಡನೇ ಕಣ್ಣಾಗಿ ಒಂಬತ್ತು ವರ್ಷ ಒಬ್ಬ ಹೆಂಗಸು ಇದ್ಳು. ಬೂದು ಕೋಟು ಅವಳಿಗೆ ಎರಡು ಅಳತೆ ದೊಡ್ಡದು, ಮೇಜಿನ ಮೇಲೆ ಬಗ್ಗಿ ಕತ್ತು ಕೊಂಕಿಸಿ ನೋಡ್ತಿದ್ಳು, ಅದಕ್ಕೆ ಎಲ್ಲರೂ ಪಾರಿವಾಳ ಅಂತಿದ್ರು. ಪಾರಿವಾಳದ ಎಡ ಹುಬ್ಬು, ಬಣ್ಣ ಒಂದು ಚೂರು ವಾಲಿದ್ರೂ, ಕೂದಲೆಳೆಯಷ್ಟು ಮೇಲೆ ಹೋಗ್ತಿತ್ತು. ಅವಳಿಗೇ ಅದು ಗೊತ್ತಿರಲಿಲ್ಲ. ಅವನು ಒಂದು ವರ್ಷ ಆ ಹುಬ್ಬನ್ನ ನಂಬ್ಕೊಂಡು ಬದುಕಿದ. ತುಂಡು ನೋಡ್ತಿರಲಿಲ್ಲ, ಹುಬ್ಬು ನೋಡ್ತಿದ್ದ. ಅವಳು ಪೆನ್ಸಿಲ್ ಎತ್ತೋಕೆ ಮುಂಚೇನೇ, ಇದು ಕೆಂಪಿಗೆ ಹೋಗಿದೆ ಅಲ್ವಾ, ಇದು ಮಂಕಾಗಿದೆ ಅಲ್ವಾ ಅಂತ ಊಹೆ ಮೇಲೆ ಒಂದು ಮಾತು ಬಿಡ್ತಿದ್ದ, ಅವಳು ಹೌದು ಸಾರ್ ಅಂತ ಕಣ್ಣರಳಿಸ್ತಿದ್ಳು, ಈ ಮನುಷ್ಯ ತುಂಡು ಮುಟ್ಟದೇನೇ ಹೇಳ್ತಾನಲ್ಲ ಅಂತ. ಅವಳ ಕಣ್ಣನ್ನೇ ಕದ್ದು ಅವಳ ಮುಂದೇನೇ ಸಾಹುಕಾರನ ಹಾಗೆ ಮೆರೆದ. ಅದು ಒಂದು ಲಾಟು ಬಂದ ದಿನದವರೆಗೂ ನಡೀತು, ಲಾಟು ಅಂದ್ರೆ ಒಂದೇ ಸಲಕ್ಕೆ ಅದ್ದಿ ತೆಗೆದ ಬಟ್ಟೆ. ಬಸ್ ಕಂಪನಿಯೊಂದರ ಡ್ರೈವರ್‌ಗಳ ಯೂನಿಫಾರ್ಮು, ನೀಲಿ ಮಿಶ್ರ ಬೂದು, ಸಾವಿರದ ನೂರು ಮೀಟರ್. ಆವತ್ತು ಮ್ಯಾನೇಜರ್ರು ಅಪರೂಪಕ್ಕೆ ಕೋಣೆ ಒಳಗೆ ಬಂದು ನಿಂತಿದ್ರು. ಪಾರಿವಾಳ ನೋಡಿ, ಪೆನ್ಸಿಲಲ್ಲಿ ‘ಹಸಿರಿಗೆ ವಾಲಿದೆ’ ಅಂತ ಬರೆದು ಚೀಟಿ ಸರಿಸಿದ್ಳು. ಅವನು ಆಗಷ್ಟೇ ಮ್ಯಾನೇಜರ್ ಕಡೆ ತಿರುಗಿ, ಏನೂ ತೊಂದರೆ ಇಲ್ಲ, ಇವತ್ತೇ ಕಳಿಸ್ಬಹುದು ಅಂತ ಹೇಳಿ ಮುಗಿಸಿದ್ದ. ಬಾಯಿಂದ ಬಿದ್ದ ಮಾತು, ಕೆಳಗೆ ಬಿದ್ದ ಮೊಟ್ಟೆ. ಪೆನ್ಸಿಲ್ ಅಕ್ಷರದ ಪಕ್ಕದಲ್ಲೇ ಶಾಯೀಲಿ ಸರಿ ಅಂತ ಬರೆದು ರುಜು ಹಾಕಿದ. ಮೂರು ವಾರದ ಮೇಲೆ ಬಟ್ಟೆ ವಾಪಸ್ ಬಂತು. ಅಂಗಿ ಹಳೇ ಲಾಟಿನದು, ಪ್ಯಾಂಟು ಈ ಲಾಟಿನದು, ಬಿಸಿಲಲ್ಲಿ ಸಾಲಾಗಿ ನಿಂತ ಡ್ರೈವರ್‌ಗಳು ಸೊಂಟದ ಮೇಲೆ ಒಂದು ಕಂಪನಿ, ಸೊಂಟದ ಕೆಳಗೆ ಇನ್ನೊಂದು ಕಂಪನಿ ಅನ್ನೋ ಹಾಗೆ ಕಂಡ್ರಂತೆ. ವಿಚಾರಣೆಗೆ ಚೀಟಿ ತಗೊಂಡು ಬಾ ಅಂದ್ರು. ಫೈಲಿಂದ ತೆಗೆದು ಮ್ಯಾನೇಜರ್ ಕೋಣೆಗೆ ಹೋಗೋ ದಾರೀಲಿ ಅವನು ಬಚ್ಚಲಿಗೆ ಹೋದ. ಒಂದು ರಬ್ಬರು, ನಾಲ್ಕು ಸಲ ಉಜ್ಜಿದ್ದು. ಆಮೇಲೆ ಪೆನ್ಸಿಲಲ್ಲಿ ಎರಡೇ ಅಕ್ಷರ, ಸರಿ ಅಂತ. ಅವಳು ರಿ ಬರೆಯೋವಾಗ ಗುಡಿಸನ್ನ ಸ್ವಲ್ಪ ಜಾಸ್ತಿ ಎಳೀತಾಳೆ, ಅದನ್ನೂ ಎಳೆದ. ಇದು ನನ್ನ ಅಕ್ಷರ ಅಲ್ಲ ಅಂತ ಅವಳು ಮ್ಯಾನೇಜರ್ ಮುಂದೆ ಹೇಳಿದ್ಳು, ಜೋರಾಗೇನೂ ಅಲ್ಲ. ಅದಕ್ಕೆ ಅವನು ಏನಂದ ಅನ್ನೋದು ಅವನಿಗೆ ಪದಪದಾನೂ ನೆನಪಿದೆ. ಪಾಪ, ಅವಳ ತಾಯಿಗೆ ಹುಷಾರಿಲ್ಲ, ನಿದ್ದೆಗೆಟ್ಟು ಬರ್ತಾಳೆ, ಕಣ್ಣು ಸುಸ್ತಾಗಿರತ್ತೆ, ನೋಡಿ ಮಾಡಿ ಸಾರ್ ಅಂದಿದ್ದ. ಮೊದಲು ನೋಡಿದ ಕಣ್ಣೇ ತಪ್ಪಿದ್ದು ಅಂತಾಯ್ತು, ಆ ಕನಿಕರಾನೇ ಅವಳ ಕೆಲಸ ತೆಗೀತು.

ಸಾರ್, ಯಾವ ಅಳತೆ ನೋಡ್ತಿದೀರಾ ಅಂತ ಹಿಂದಿನಿಂದ ಕೇಳಿದಾಗ ಅವನು ತಿರುಗಲಿಲ್ಲ. ಒಂಬತ್ತು ವರ್ಷ ಪಕ್ಕದಲ್ಲಿ ಕೇಳಿದ ದನಿ, ಬೆನ್ನಿಗೇ ಗೊತ್ತಾಯ್ತು. ಅಂಗಡಿಯವರೆಲ್ಲ ಹಾಕೋ ಕಣ್ಣಿಗೆ ಹೊಡೆಯೋ ಬಣ್ಣದ ಅಂಗಿ ಹಾಕ್ಕೊಂಡು, ಎದೆ ಮೇಲೆ ಬಿಲ್ಲೆ ಚುಚ್ಕೊಂಡು ಪಾರಿವಾಳ ನಿಂತಿದ್ಳು. ಕಿತ್ತಳೆ ಇರಬಹುದು ಅಂಗಿ. ಈ ಸಲ ಅಳತೆಗೆ ಸರಿಯಾಗಿತ್ತು. ಅವಳು ಅವನ್ನ ನೋಡಿ ಬಿಲ್ಲೆ ನೆಟ್ಟಗೆ ಮಾಡ್ಕೊಂಡ್ಳು, ಆಮೇಲೆ ಅವನ ಹೆಂಡತಿ ಕಡೆ ತಿರುಗಿ, ಗೋಡೆಗೆ ಹಾಕ್ತೀರಾ ಮೇಜಿನ ಮೇಲಾ, ಎಷ್ಟು ದೂರದಿಂದ ನೋಡ್ತೀರಾ ಅಂತೆಲ್ಲ ವಿಚಾರಿಸಿದ್ಳು. ಅವನ ಮನೆಯವ್ರಿಗೆ ಪಾರಿವಾಳ ಅನ್ನೋ ಹೆಸರು ಗೊತ್ತು, ಮುಖ ಗೊತ್ತಿಲ್ಲ. ಇನ್ನೊಂದು ನಿಮಿಷ ಹೀಗೇ ಇದ್ರೆ ಸಾಕು, ಯಾವುದೋ ಒಂದು ತೋರಿಸಿ ಹೊರಟುಬಿಡೋಣ ಅಂತ ಅವನು ಲೆಕ್ಕ ಹಾಕ್ತಿದ್ದ, ಅಷ್ಟರಲ್ಲಿ ಭಾಮೈದ ಶುರು ಮಾಡ್ಕೊಂಡ. ಮೇಡಂ, ನಮ್ಮ ಭಾವನ ಹತ್ರ ನಿಮ್ಮ ಆಟ ನಡೆಯಲ್ಲ, ಇವರ ಕಣ್ಣು ಅಂದ್ರೆ ಮಿಲ್ಲಲ್ಲಿ ಮಿಷನ್ನೇ ಕೈ ಮುಗಿಯತ್ತೆ, ಒಂದ್ಸಲ ಇವರ ಕೈಕೆಳಗಿನೋಳು ಯಾರೋ ಒಬ್ಳು ಇಡೀ ಲಾಟು ಕೆಡಿಸಿದ್ಳಂತೆ, ಇವರು ರಜೇಲಿದ್ರು ಅಂತ ಕಾಣತ್ತೆ, ಇಲ್ದಿದ್ರೆ ಹಂಗಾಗ್ತಿರಲಿಲ್ಲ. ರಜೆ ಅನ್ನೋದನ್ನ ಯಾರು ಸೇರಿಸಿದ್ರು ಅಂತ ಅವನಿಗೆ ತಕ್ಷಣ ನೆನಪಾಗಲಿಲ್ಲ, ಆಮೇಲೆ ನೆನಪಾಯ್ತು, ತಾನೇ. ಊಟ ಮಾಡ್ತಾ ಮಾಡ್ತಾ ಹೆಂಡತಿಗೆ ಹೇಳುವಾಗ ತಾನೇ ಸೇರಿಸಿದ್ದ, ಕಥೆ ಇನ್ನೂ ನುಣ್ಣಗಾಗಲಿ ಅಂತ. ಪಾರಿವಾಳ ಪೂರ್ತಿ ಕೇಳಿಸ್ಕೊಂಡ್ಳು. ಹೌದಾ ಅಂದ್ಳು. ಹಾಗಾದ್ರೆ ಸಾರೇ ನೋಡಿ ಹೇಳ್ಲಿ ಅಂದ್ಳು.

ಅವಳು ಇನ್ನೊಬ್ಬರನ್ನ ಕರೆದು ಎರಡು ಸೆಟ್ಟು ತರಿಸಿ ಕೆಳಗಿನ ಹಲಗೆ ಮೇಲೆ ಅಕ್ಕಪಕ್ಕ ನಿಲ್ಲಿಸಿದ್ಳು. ಎರಡಕ್ಕೂ ಒಂದೇ ಚಿತ್ರ ಬಿಟ್ಟು, ಇವೆರಡು ನೋಡಿ ಸಾರ್ ಅಂತ ಹೇಳಿ, ವೈರು ಸರಿ ಮಾಡೋಕೆ ಹಿಂದಕ್ಕೆ ಬಗ್ಗಿದ್ಳು. ಮುಖ ಕಾಣಲಿಲ್ಲ, ಹುಬ್ಬು ಕಾಣಲಿಲ್ಲ. ಕಾಲ ಕೆಳಗಿನ ಹಾಸುಗಲ್ಲು ಬೂದು ಇದ್ದ ಹಾಗಿತ್ತು, ಅದರ ಮೇಲೆ ಕಣ್ಣಿಟ್ಟು ಒಂದು ಉಸಿರು ಎಳ್ಕೊಂಡ. ಮನೆಯವ್ರು ಏನೋ ಪೂಜೆ ನೋಡೋರ ಹಾಗೆ ನಿಂತ್ರು. ತಲೆ ಎತ್ತಿ ನೋಡಿದ. ಒಂದು ಹಂಸ ಈಜ್ತಿತ್ತು, ಒಬ್ಬ ಹೆಂಗಸು ದಡದಲ್ಲಿ ಕೂತಿದ್ಳು. ಒಂದು, ಎರಡು, ಮೂರು, ನಾಲ್ಕು, ಐದು. ಏನೂ ಇಲ್ಲ. ಎರಡೂ ಒಂದೇ ಥರ. ಯಾವ ಅಂಗಡಿಯೋರಾದ್ರೂ ಒಂದೇ ಥರದ ಎರಡನ್ನ ಅಕ್ಕಪಕ್ಕ ಇಡ್ತಾರಾ, ವ್ಯತ್ಯಾಸ ಇದ್ದೇ ಇರತ್ತೆ, ನನಗೆ ಕಾಣ್ತಿಲ್ಲ ಅಷ್ಟೇ, ಇವಳು ಬೇಕಂತಾನೇ ಇಟ್ಟಿದಾಳೆ, ನಾಲ್ಕು ಜನದ ಮುಂದೆ ಬಟ್ಟೆ ಬಿಚ್ಚಿಸಕ್ಕೆ. ಹೆಂಡತಿ ಮುಖ ನೋಡಿದ. ಅವಳು ಬಲಗಡೇದನ್ನ ನೋಡ್ತಿದ್ಳು. ಮಗಳೂ ಬಲಗಡೆಗೇ. ಅಂದ್ರೆ ಎಡಗಡೇದರಲ್ಲಿ ಏನೋ ಐಬಿದೆ. ಏನು ಐಬು. ಹಳದಿ ಅಂದ್ರೆ ಸಾಮಾನ್ಯವಾಗಿ ತಪ್ಪಾಗಲ್ಲ, ಲೋಕದಲ್ಲಿ ಯಾವ್ದು ತಾನೇ ಹಳದಿಗೆ ವಾಲಿಲ್ಲ.

“ಎಡಗಡೇದು ಸ್ವಲ್ಪ ಹಳದಿ,” ಅಂದ.

ಒಂದು ಸಲ ಬಾಯಿ ಬಿಟ್ಟ ಮೇಲೆ ಮಾತು ತಾನಾಗೇ ಬಂತು, ಇಪ್ಪತ್ತಾರು ವರ್ಷದ ಅಭ್ಯಾಸ. ಹಂಸದ ರೆಕ್ಕೆ ನೋಡಿ, ಎಡಗಡೆ ನೂರು ಸಲ ಒಗೆದ ಬನಿಯನ್ ಥರ ಇದೆ, ಬಲಗಡೆ ಬಿಳುಪು ಬಿಳುಪಾಗಿದೆ. ಆ ಹೆಂಗಸಿನ ಕೆನ್ನೆ ನೋಡಿ, ಎಡಗಡೆ ಜೇಡಿಮಣ್ಣು, ಬಲಗಡೆ ಜೀವ ಇದೆ. ನೆರಳು ನೋಡಿದ್ರೆ ಗೊತ್ತಾಗತ್ತೆ, ಬೆಳಕಲ್ಲಿ ಯಾರು ಬೇಕಾದ್ರೂ ಮೋಸ ಮಾಡ್ಬಹುದು, ನೆರಳಲ್ಲಿ ಆಗಲ್ಲ. ಭಾಮೈದ, ನಾನೂ ಅದನ್ನೇ ಹೇಳೋಣ ಅಂತಿದ್ದೆ ಅಂದ. ಮಗಳು ಕಣ್ಣು ಕಿರಿದು ಮಾಡಿ, ಅತ್ತ ಇತ್ತ ನೋಡಿ, ಹೂಂ ಅಪ್ಪ, ಮೊದಲು ಗೊತ್ತಾಗ್ಲಿಲ್ಲ, ಈಗ ಕಾಣ್ತಿದೆ ಅಂದ್ಳು. ಪಕ್ಕದಲ್ಲಿ ಹೋಗ್ತಿದ್ದ ಯಾರೋ ಮುದುಕರು ನಿಂತು, ಹೌದ್ರೀ, ಎಡಗಡೇದು ಹಳದೀನೇ ಅಂತ ತಲೆ ಆಡಿಸಿ ಹೋದ್ರು. ಹೆಂಡತಿ ಮಾತ್ರ, ಬಲಗಡೇದೇ ತಗೊಳ್ಳೋಣ ಹಾಗಾದ್ರೆ ಅಂದ್ಳು, ಅಷ್ಟೇ. ಪಾರಿವಾಳ ವೈರು ಬಿಟ್ಟು ಮೇಲೆ ಎದ್ದಳು. ಎರಡು ಪರದೆಗಳ ಮಧ್ಯೆ ಅವಳ ಮುಖ ಬಂತು. ಎಡ ಹುಬ್ಬು ಕೂದಲೆಳೆಯಷ್ಟು ಮೇಲೆ ಹೋಗಿತ್ತು.

ಭಾಮೈದ ಉಳಿದಿಬ್ಬರನ್ನ ಕಟ್ಕೊಂಡು, ಗೋಡೆಗೆ ಸಿಗಿಸೋ ಕಬ್ಬಿಣದ ಚೌಕಟ್ಟು ನೋಡೋಕೆ ಮಹಡಿಯ ಆ ತುದಿಗೆ ಹೋದ. ಅವನೂ ಹೊರಟ. ಎರಡು ಹೆಜ್ಜೆ ಇಟ್ಟು ತಿರುಗಿದ.

“ಎರಡೂ ಒಂದೇ ಸಾರ್,” ಅಂದ್ಳು ಪಾರಿವಾಳ. “ಒಂದೇ ಮಾಡೆಲ್ಲು, ಒಂದೇ ಸೆಟ್ಟಿಂಗು. ಎಡಗಡೇದಕ್ಕೆ ಬೆನ್ನಲ್ಲಿ ಒಂದು ಗೀರಿದೆ, ಅದಕ್ಕೆ ಬೆಲೆ ಕಮ್ಮಿ. ಅದನ್ನ ಹೇಳೋಣ ಅಂತ ತಂದೆ. ನೀವು ಶುರು ಮಾಡ್ಬಿಟ್ರಿ.”

ಅವನು ಎರಡು ಪರದೆಗಳನ್ನ ಮತ್ತೆ ನೋಡಿದ. ಈಗಲೂ ಎಡಗಡೇದು ಸ್ವಲ್ಪ ಹಳದಿ ಇದ್ದ ಹಾಗೇ ಕಂಡಿತು, ಅದು ಅವನಿಗೆ ಎಲ್ಲಕ್ಕಿಂತ ಭಯ ಹುಟ್ಟಿಸ್ತು. ಅವರ ಮುಂದೆ ಹೇಳ್ಬಹುದಿತ್ತಲ್ಲ ನೀನು ಅಂದ, ದನಿ ತನ್ನದಲ್ಲ ಅನ್ನೋ ಹಾಗಿತ್ತು.

“ಹೇಳಿ ಏನ್ ಮಾಡ್ಲಿ. ಅವ್ರಿಗೂ ಹಳದಿ ಕಾಣಿಸ್ತಲ್ಲ. ಎಲ್ಲರೂ ಒಂದು ಕಡೆ, ನಾನೊಬ್ಳು ಒಂದು ಕಡೆ. ಒಂದ್ಸಲ ಆಗಿದೆ, ಸಾಕು.” ಅವಳು ರಿಮೋಟಲ್ಲಿ ಎಡಗಡೇದನ್ನ ಆರಿಸಿದ್ಳು. “ಪೊರೆ ಬಂದಿದೆ ಸಾರ್ ನಿಮಗೆ. ನಮ್ಮಮ್ಮಂಗೂ ಹೀಗೇ ಆಗಿತ್ತು, ಹಾಲು ಕೆಟ್ಟಿದೆ ಕೆಟ್ಟಿದೆ ಅಂತ ದಿನಾ ಚೆಲ್ತಿದ್ಳು. ಅರ್ಧ ಗಂಟೆ ಕೆಲಸ, ತೆಗೆದು ಬಿಟ್ರು. ಈಗ ನನ್ನ ತಲೇಲಿ ಬಿಳಿಕೂದಲು ಎಣಿಸ್ತಾಳೆ.”

ಇದನ್ನ ಅವಳು ಕೊಂಕಿಲ್ಲದೆ ಹೇಳಿದ್ಳು, ಅದೇ ತಡೆಯೋಕಾಗಲಿಲ್ಲ. ಬೈದಿದ್ರೆ ಅವನ ಹತ್ರ ಉತ್ತರ ಇತ್ತು. ಪೊರೆ ಅನ್ನೋದು ಅವನಿಗೆ ಗೊತ್ತಿಲ್ಲದೇ ಇರಲಿಲ್ಲ, ಅರ್ಧ ಗಂಟೆ ಅನ್ನೋದೂ ಗೊತ್ತಿತ್ತು. ಮಿಲ್ಲಲ್ಲಿ ಬಣ್ಣ ನೋಡೋರು ಕಣ್ಣಿಗೆ ಹನಿ ಔಷಧಿ ಹಾಕಿಸ್ಕೊಂಡ್ರೂ ಮಿಲ್ಲಿನ ಡಾಕ್ಟರಿಗೆ ತಿಳಿಸ್ಬೇಕು. ಡಾಕ್ಟರು ಮೊದಲು ಕೇಳೋದು ಒಂದೇ ಪ್ರಶ್ನೆ, ಯಾವಾಗಿಂದ. ಆ ಪ್ರಶ್ನೆಗೆ ಉತ್ತರ ಹೇಳಿದ ದಿನ ಡ್ರೈವರ್‌ಗಳ ಪ್ಯಾಂಟು ವಾಪಸ್ ಬರತ್ತೆ, ಚೀಟಿ ವಾಪಸ್ ಬರತ್ತೆ, ಗುಡಿಸು ಉದ್ದ ಎಳೆದ ರಿ ವಾಪಸ್ ಬರತ್ತೆ. ಅದಕ್ಕೆ ಅವನು ಎರಡು ವರ್ಷದಿಂದ ಲೋಕಾನ ಬಾಟಲಿ ಒಳಗಿಂದಾನೇ ನೋಡ್ತಿದಾನೆ, ಇನ್ನೂ ಆರು ವರ್ಷ ಹಾಗೇ ನೋಡಿ ರಿಟೈರ್ ಆಗ್ಬೇಕು ಅಂತ ತೀರ್ಮಾನ ಮಾಡ್ಕೊಂಡಿದಾನೆ. ಈಗಿರೋ ಎರಡನೇ ಕಣ್ಣು ಅವನು ಏನಂದ್ರೂ ಹೌದು ಅನ್ನೋ ಮನುಷ್ಯ, ಮುಖ ಗೋಡೆ ಹಾಗೆ, ಹುಬ್ಬು ಇದೆಯೋ ಇಲ್ವೋ ಅನ್ನೋ ಹಾಗೆ.

“ನಂಗೆ ಒಂದೇ ಒಂದು ಬೇಕು ನಿಮ್ಮಿಂದ,” ಅಂದ್ಳು ಅವಳು. ಅಡ್ಡ ರಸ್ತೆಯಾಚೆ ಇನ್ನೊಂದು ಮಿಲ್ಲಲ್ಲಿ ಬಣ್ಣ ನೋಡೋರು ಬೇಕಾಗಿದಾರಂತೆ, ಅರ್ಜಿ ಹಾಕಿದಾಳಂತೆ, ಅಲ್ಲಿನ ದೊಡ್ಡ ಕಣ್ಣು ವಯಸ್ಸಾದೋರು, ಮ್ಯಾನೇಜರ್‌ಗಳ ಕಾಗದ ಎಲ್ಲ ನಂಬಲ್ಲ, ಕಣ್ಣಿನ ವಿಚಾರ ಕಣ್ಣನ್ನೇ ಕೇಳ್ಬೇಕು ಅಂತಾರಂತೆ. “ಮಂಗಳವಾರ ಸಂಜೆ ನಿಮಗೆ ಫೋನ್ ಮಾಡ್ತಾರೆ. ಚೀಟಿ ವಿಷಯ ಏನೂ ಹೇಳ್ಬೇಡಿ, ನಿಮ್ಮ ಕಣ್ಣಿನ ವಿಷಯಾನೂ ಬೇಡ. ನನ್ನ ಕಣ್ಣು ಚೆನ್ನಾಗಿದೆ ಅನ್ನಿ. ನಿಜ ಅಷ್ಟೇ.”

ಅನ್ನಲ್ವಾ ಮತ್ತೆ, ಖಂಡಿತ ಅಂತೀನಿ ಅಂದ. ಅಷ್ಟು ಬೇಗ ಅಂದಿದ್ದಕ್ಕೆ ಅವಳು ಅವನ್ನ ಸ್ವಲ್ಪ ಹೊತ್ತು ನೋಡಿದ್ಳು, ಐದು ಸೆಕೆಂಡಿಗಿಂತ ಜಾಸ್ತಿ ಅಲ್ಲ. ಆಮೇಲೆ ರಸೀತಿ ಬರೆಯೋಕೆ ಹೋದ್ಳು.

ಮೂರು ದಿನ ಅವನು ಆ ಮಾತು ಅಭ್ಯಾಸ ಮಾಡಿದ. ಸ್ನಾನ ಮಾಡ್ತಾ ಮಾಡಿದ, ಬಸ್ಸಲ್ಲಿ ನಿಂತ್ಕೊಂಡು ಮಾಡಿದ. ಅವಳ ಕಣ್ಣು ಚೆನ್ನಾಗಿದೆ. ಅವಳ ಕಣ್ಣಷ್ಟು ಒಳ್ಳೆ ಕಣ್ಣು ನಾನು ನೋಡಿಲ್ಲ. ಒಂದು ಸಲ, ಸೋಮವಾರ ಮಧ್ಯಾಹ್ನ ಮಿಲ್ಲಿನ ಮೆಟ್ಟಿಲು ಹತ್ತುವಾಗ, ಆ ಮಾತಿನ ಹಿಂದೇನೇ ಇನ್ನೊಂದು ಮಾತು ತಾನಾಗೇ ಬಂತು, ಆ ಲಾಟಲ್ಲಿ ತಪ್ಪು ನಂದು ಅಂತ. ಎಷ್ಟು ಹಗುರ ಆಯ್ತು ಅಂದ್ರೆ ಮೆಟ್ಟಿಲ ಮೇಲೆ ನಿಂತೇಬಿಟ್ಟ. ಅದೂ ಹೇಳಿಬಿಡ್ಬಹುದು, ಯಾಕಾಗಬಾರದು, ಆಪರೇಷನ್ನೂ ಮಾಡಿಸ್ಕೊಳ್ಳಬಹುದು, ಮನುಷ್ಯರು ಇಂಥದ್ದೆಲ್ಲ ಮಾಡ್ತಾರೆ. ಆದ್ರೆ ಮೇಲೆ ಹೋದಾಗ ಬಾಗಿಲಲ್ಲೇ ಇಬ್ಬರು ತುಂಡು ಹಿಡ್ಕೊಂಡು ಕಾಯ್ತಿದ್ರು, ಕಣ್ಣು ಬಂತು ಕಣ್ಣು ಬಂತು ಅಂತ ದಾರಿ ಬಿಟ್ರು, ಅವನು ಬೂದು ಕೋಟಿನ ಗುಂಡಿ ಹಾಕ್ಕೊಂಡು ಒಳಗೆ ಹೋಗಿ ಎರಡನ್ನೂ ಸರಿ ಅಂದ. ಅವಳ ಬಗ್ಗೆ ಒಳ್ಳೆ ಮಾತಾಡೋದರಲ್ಲೂ ಒಂದು ಹುಳುಕಿತ್ತು. ಅವಳ ಕಣ್ಣು ಅಷ್ಟು ಚೆನ್ನಾಗಿದ್ರೆ ಆ ಲಾಟು ಹೇಗೆ ಹೋಯ್ತು ಅಂತ ಆ ವಯಸ್ಸಾದ ಮನುಷ್ಯ ಕೇಳಿದ್ರೆ. ಕೇಳೇ ಕೇಳ್ತಾನೆ, ಈ ಕಸುಬಲ್ಲಿ ಲಾಟಿನ ಕಥೆಗಳು ಗಾಳೀಲಿ ಓಡ್ತವೆ. ಎರಡರಲ್ಲಿ ಒಂದು ಕಣ್ಣು ಕೆಟ್ಟಿರಲೇಬೇಕು.

ಮಂಗಳವಾರ ಅವನು ಮನೆಗೆ ಬರೋ ಹೊತ್ತಿಗೆ ಟಿ.ವಿ. ಗೋಡೆ ಹತ್ತಿತ್ತು. ಸಿಗಿಸೋರು ಬಂದು ಮಧ್ಯಾಹ್ನಾನೇ ಸಿಗಿಸಿ ಹೋಗಿದ್ರು, ಹೆಂಡತಿ ಕೋಣೆಯ ಕುರ್ಚಿಗಳನ್ನೆಲ್ಲ ಅದರ ಕಡೆ ತಿರುಗಿಸಿದ್ಳು. ಆದ್ರೆ ತಾಯಿ ಮಗಳು ಇಬ್ಬರೂ ಅದನ್ನ ಹಾಕಿರಲಿಲ್ಲ. ಅಪ್ಪ ಬಂದು ಬಣ್ಣ ಸರಿ ಮಾಡ್ಲಿ ಅಂತ ಕಾಯ್ತಾ ಕೂತಿದ್ರು, ಮಗಳು ರಿಮೋಟನ್ನ ಪ್ಲಾಸ್ಟಿಕ್ ಕವರಿಂದ ತೆಗೆದು ಎರಡೂ ಕೈಲಿ ಕೊಟ್ಳು. ಅವನು ಬೂಟು ಬಿಚ್ಚದೇನೇ ಕೂತು ಟಿ.ವಿ. ಹಾಕಿದ. ಹಾಡೋ ಸ್ಪರ್ಧೆ ಬರ್ತಿತ್ತು, ಒಬ್ಬ ಹೆಂಗಸು ಮೈಕ್ ಹಿಡ್ಕೊಂಡು ನಗ್ತಿದ್ಳು, ಅವಳ ಹಲ್ಲು, ಅಂಗಿ, ಹಿಂದಿನ ದೀಪ ಎಲ್ಲ ಅವನಿಗೆ ಟೀ ಚೆಲ್ಲಿದ ಹಾಗೆ ಕಂಡ್ವು. ಸೆಟ್ಟಿಂಗಲ್ಲಿ ಹೋಗಿ ನೀಲಿ ಒಂದು ಮೆಟ್ಟಿಲು ಏರಿಸಿದ. ಇನ್ನೊಂದು. ಕೆಂಪು ಇಳಿಸಿದ. ಇನ್ನೆರಡು ಮೆಟ್ಟಿಲು ನೀಲಿ. ಬರ್ತಾ ಬರ್ತಾ ಹಲ್ಲು ಬೆಳ್ಳಗಾಯ್ತು, ಕೆನ್ನೆಗೆ ಬಣ್ಣ ಬಂತು, ಎರಡು ವರ್ಷದ ಮೇಲೆ ಯಾರೋ ಕಿಟಕಿ ಒರೆಸಿದ ಹಾಗಾಯ್ತು. ಇದೇ, ಹೀಗೇ ಇತ್ತು ಲೋಕ, ಅಂತ ಅಂದ್ಕೊಂಡು ರಿಮೋಟು ಕೆಳಗಿಟ್ಟ.

ಮಗಳು ಪರದೆ ನೋಡಿದ್ಳು, ಅಮ್ಮನ್ನ ನೋಡಿದ್ಳು. “ಯಾಕೋ ಎಲ್ಲರೂ ನೀಲಿ ನೀಲಿ ಅಲ್ವಾ ಅಮ್ಮ. ನೀರಲ್ಲಿ ಮುಳುಗಿಸಿ ತೆಗೆದ ಹಾಗೆ.”

“ಸುಮ್ನಿರು,” ಅಂದ್ಳು ಹೆಂಡತಿ. ತಕ್ಷಣ ಅಂದ್ಳು, ಮಗಳ ಮಾತು ಮುಗಿಯೋಕೆ ಮುಂಚೇನೇ, ಈ ಮಾತು ಯಾವತ್ತಾದ್ರೂ ಒಂದು ದಿನ ಬರತ್ತೆ ಅಂತ ಮೊದಲೇ ಕೈ ಅಡ್ಡ ಹಿಡ್ಕೊಂಡು ಕೂತಿದ್ದೋಳ ಹಾಗೆ. “ಅಪ್ಪ ಮಾಡಿದ್ದು ಸರಿ ಇರತ್ತೆ.” ಅವನು ಅವಳ ಮುಖ ನೋಡಿದ. ಅವಳು ನೇರ ಪರದೆ ನೋಡ್ತಿದ್ಳು, ಒಂದು ಗೆರೆ ಅಲ್ಲಾಡಲಿಲ್ಲ. ಇವಳಿಗೆ ಗೊತ್ತು. ಎಷ್ಟು ದಿನದಿಂದ ಗೊತ್ತು, ಅಂಗಡೀಲೂ ಗೊತ್ತಿತ್ತಾ, ಬಲಗಡೇದೇ ತಗೊಳ್ಳೋಣ ಅಂದಾಗಲೂ. ಹೀಗೆ ಅವನ ಎದೆ ಒಂದೊಂದೇ ಮೆಟ್ಟಿಲು ಇಳೀತಿರೋವಾಗ ಫೋನು ಬಂತು.

ಆ ಕಡೆ ವಯಸ್ಸಾದ, ಮೆತ್ತಗಿನ ದನಿ. ತೊಂದರೆ ಕೊಟ್ಟೆ ಅಂತ ಕ್ಷಮೆ ಕೇಳ್ತು, ನಿಮ್ಮ ಕಣ್ಣಿನ ಬಗ್ಗೆ ಬಹಳ ಕೇಳಿದೀನಿ ಅಂತು, ನಿಮ್ಮ ಹತ್ರ ಒಂಬತ್ತು ವರ್ಷ ಇದ್ಳಂತಲ್ಲ ಒಬ್ಬ ಹೆಂಗಸು, ನೀವು ಒಂದು ಮಾತು ಹೇಳಿದ್ರೆ ನಂಗೆ ಸಾಕು, ನಾಳೆನೇ ಸೇರಿಸ್ಕೊಳ್ತೀನಿ ಅಂತು. ಅವನು ಎದ್ದು ಒಳಕೋಣೆಗೆ ಹೋಗಬಹುದಿತ್ತು. ಹೋಗಲಿಲ್ಲ. ಹೆಂಡತಿ ಟಿ.ವಿ. ಸದ್ದು ಇಳಿಸಿದ್ಳು. ಕೋಣೆ ಪೂರ್ತಿ ಅವನ ಮಾತಿಗೆ ಕಾಯ್ತಾ ಕೂತಿತ್ತು. ಮೂರು ದಿನದ ಅಭ್ಯಾಸದ ಮಾತು ನಾಲಿಗೆ ತುದೀಲೇ ಇತ್ತು, ತೆಗೆದು ಇಡೋದೊಂದು ಬಾಕಿ.

“ಒಳ್ಳೆ ಹೆಂಗಸು,” ಅಂದ. “ಟೈಮಿಗೆ ಸರಿಯಾಗಿ ಬರ್ತಾಳೆ. ಕೆಲಸ ಅಚ್ಚುಕಟ್ಟು.” ಆ ಕಡೆಯವರು ಕಾದ್ರು. ಈ ಕಸುಬಲ್ಲಿ ಟೈಮಿಗೆ ಬರ್ತಾಳೆ ಅಂತ ಯಾರೂ ಯಾರ ಬಗ್ಗೆಯೂ ಕೇಳಲ್ಲ. ಹೆಂಡತಿ ಇನ್ನೂ ಪರದೇನೇ ನೋಡ್ತಿದ್ಳು. “ಕಣ್ಣು ಮಾತ್ರ,” ಅಂದ, ನಿಲ್ಲಿಸಿದ, ಮುಂದಿನದನ್ನ ತಾನು ಹೇಳ್ತಿಲ್ಲ, ಬೇರೆ ಯಾರೋ ಹೇಳ್ತಿದಾರೆ ಅನ್ನೋ ಹಾಗೆ ಕೇಳಿಸ್ಕೊಂಡ. “ಪಾಪ, ನಾನು ಹೇಳ್ಬಾರ್ದು. ಕಣ್ಣು ಸ್ವಲ್ಪ ಸಾಲದು.”

ಆ ಕಡೆ ಒಂದು ನಿಟ್ಟುಸಿರು. ಅರ್ಥ ಆಯ್ತು, ನೀವು ಹೇಳಿದ ಮೇಲೆ ಮುಗೀತು, ಒಳ್ಳೇದಾಯ್ತು ಕೇಳಿದ್ದು ಅಂತ ಹೇಳಿ ಇಟ್ರು. ಅವನು ಫೋನನ್ನ ಕುರ್ಚಿ ಕೈ ಮೇಲೆ ಬೋರಲಾಗಿ ಇಟ್ಟ. ಹೆಂಡತಿ ಯಾರು ಅಂತ ಕೇಳಲಿಲ್ಲ, ಸದ್ದು ಮೊದಲಿನ ಅಳತೆಗೆ ಏರಿಸಿದ್ಳು, ಅಷ್ಟೇ. ಹಾಡೋ ಹೆಂಗಸಿಗೆ ಏನೋ ಬಹುಮಾನ ಬಂದಿತ್ತು, ಅವಳು ಅಳ್ತಿದ್ಳು, ಅವನಿಗೆ ಅವಳ ಮುಖ ಒಂದು ಚೂರೂ ಕೊರತೆ ಇಲ್ಲದೆ, ಮನುಷ್ಯರ ಮುಖ ಹೇಗಿರ್ಬೇಕೋ ಹಾಗೇ ಕಾಣ್ತಿತ್ತು. ಮಗಳು ಎರಡೂ ಅಂಗೈಯಿಂದ ಕಣ್ಣುಜ್ಜಿಕೊಂಡ್ಳು. ಮತ್ತೆ ನೋಡಿದ್ಳು. ಒಂದು ಕಣ್ಣು ಮುಚ್ಚಿ ನೋಡಿದ್ಳು, ಆಮೇಲೆ ಇನ್ನೊಂದು ಮುಚ್ಚಿ.

“ನಂಗೇ ಏನೋ ಆಗಿರ್ಬೇಕು ಅಪ್ಪ,” ಅಂದ್ಳು. “ಡಾಕ್ಟರಿಗೆ ತೋರಿಸ್ಬೇಕು.”

“ತೋರಿಸೋಣ,” ಅಂದ ಅವನು.